ಒಡೆದ ಮಹಾಪಧಮನಿ ಮತ್ತು ಮೊದಲ ಒಂದು ಗಂಟೆ: ತುರ್ತು ಚಿಕಿತ್ಸಾ ವಿಭಾಗದ ಯುವ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಯುವ ವೈದ್ಯರೇ,

ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ರಾತ್ರಿಪಾಳಿಯ ಹೊಣೆ ಹೊತ್ತಿರುವ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ಹೊಟ್ಟೆಯೊಳಗಿನ ಮಹಾಪಧಮನಿಯ ಉಬ್ಬು ಒಡೆದಾಗ ಹೊಟ್ಟೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆ ಮೇಲೋ, ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ ಕೂರಿಸುವ ವಿಧಾನ ಮೇಲೋ ಎಂಬ ಪ್ರಶ್ನೆ ರಕ್ತನಾಳ ಶಸ್ತ್ರವೈದ್ಯರಿಗೆ ಮಾತ್ರ ಸಂಬಂಧಿಸಿದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ಯುರೋಪಿನಲ್ಲಿ ನಡೆದ ಪ್ರಯೋಗಗಳ ಫಲಿತಾಂಶವನ್ನು ಕೊನೆಯವರೆಗೆ ಓದಿದವರಿಗೆ, ರೋಗಿ ಬದುಕುವನೋ ಇಲ್ಲವೋ ಎಂಬುದರ ಬಹುಭಾಗ ಆತ ಶಸ್ತ್ರಚಿಕಿತ್ಸಾ ಕೊಠಡಿಯನ್ನು ತಲುಪುವ ಮೊದಲೇ, ಆತನನ್ನು ಮೊದಲು ಮುಟ್ಟಿ ನೋಡಿದ ವೈದ್ಯರ ಕೈಯಲ್ಲೇ ತೀರ್ಮಾನವಾಗುತ್ತದೆ ಎಂಬುದು ಮನದಟ್ಟಾಗುತ್ತದೆ. ಈ ಪತ್ರದ ಮನವಿಗೆಲ್ಲ ಆ ತಿಳಿವಳಿಕೆಯೇ ಆಧಾರ.

ಮೊದಲಿಗೆ ರೋಗದ ಸ್ವರೂಪವನ್ನು ನೆನಪಿಸಿಕೊಳ್ಳುವುದು ಉಚಿತ. ಹೃದಯದಿಂದ ಹೊರಟು ಎದೆಯನ್ನು ದಾಟಿ, ಬೆನ್ನುಮೂಳೆಗೆ ಆತುಕೊಂಡು ಹೊಟ್ಟೆಯೊಳಕ್ಕೆ ಇಳಿಯುವ ಮಹಾಪಧಮನಿಯ ವ್ಯಾಸ ಆರೋಗ್ಯವಂತರಲ್ಲಿ ಸುಮಾರು 2 ಸೆಂಟಿಮೀಟರ್ ಇರುತ್ತದೆ. ಅದರ ಗೋಡೆ ದುರ್ಬಲಗೊಂಡು ವ್ಯಾಸ 3 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾದರೆ ಅದನ್ನು ಅನ್ಯೂರಿಸಂ, ಅಂದರೆ ಉಬ್ಬು, ಎಂದು ಕರೆಯುತ್ತಾರೆ. ಇಂಥ ಉಬ್ಬುಗಳಲ್ಲಿ ಹೆಚ್ಚಿನವು ಮೂತ್ರಪಿಂಡಗಳಿಗೆ ಹೋಗುವ ಧಮನಿಗಳ ಕೆಳಗೆ ಹುಟ್ಟುತ್ತವೆ. ಸವೆದ ಜಾಗದಲ್ಲಿ ಉಬ್ಬಿದ ಸೈಕಲ್ ಟ್ಯೂಬಿನಂತೆ, ರಕ್ತನಾಳ ಹಿಗ್ಗಿದಷ್ಟೂ ಅದರ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ, ಬಿಗಿತ ಹೆಚ್ಚಿದಷ್ಟೂ ಗೋಡೆ ಮತ್ತಷ್ಟು ಹಿಗ್ಗುತ್ತದೆ. ಇಳಿವಯಸ್ಸು, ಧೂಮಪಾನ, ಅಧಿಕ ರಕ್ತದೊತ್ತಡ ಮತ್ತು ಕುಟುಂಬದಲ್ಲಿ ಇದೇ ರೋಗದ ಇತಿಹಾಸ ಇದರ ಮುಖ್ಯ ಕಾರಣಗಳು. ಗಂಡಸರಲ್ಲಿ ಇದು ಹೆಚ್ಚು, ಆದರೆ ಹೆಂಗಸರಲ್ಲಿ ಕಾಣಿಸಿಕೊಂಡಾಗ ಅದು ಹೆಚ್ಚು ಅಪಾಯಕಾರಿ. ವರ್ಷಗಟ್ಟಲೆ ಯಾವ ನೋವನ್ನೂ ಕೊಡದೆ ಬೆಳೆಯುವ ಈ ಉಬ್ಬು ಒಂದು ದಿನ ಒಡೆದಾಗ, ರೋಗಿಗಳಲ್ಲಿ ಅನೇಕರು ಆಸ್ಪತ್ರೆಯ ಬಾಗಿಲನ್ನೂ ಕಾಣದೆ ಪ್ರಾಣ ಬಿಡುತ್ತಾರೆ. ಬಾಗಿಲವರೆಗೆ ಜೀವಂತವಾಗಿ ಬಂದವರಲ್ಲಿ ಸಾಮಾನ್ಯವಾಗಿ ರಕ್ತವು ಬೆನ್ನುಮೂಳೆಯ ಪಕ್ಕದ ಅಂಗಾಂಶದೊಳಗೆ ಸೋರಿ, ಅಲ್ಲಿಯೇ ಹೆಪ್ಪುಗಟ್ಟಿ, ಸುತ್ತಲಿನ ಒತ್ತಡದಿಂದ ತಾತ್ಕಾಲಿಕವಾಗಿ ತಡೆಹಿಡಿಯಲ್ಪಟ್ಟಿರುತ್ತದೆ. ಆ ತಡೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಯಾರೂ ಹೇಳಲಾರರು.

ಈಗ ಎರಡು ಚಿಕಿತ್ಸೆಗಳ ವಿಚಾರ. ತೆರೆದ ಶಸ್ತ್ರಚಿಕಿತ್ಸೆಯ ಇತಿಹಾಸ 1951ರಲ್ಲಿ ಪ್ಯಾರಿಸ್ಸಿನಲ್ಲಿ ಶಾರ್ಲ್ ದ್ಯುಬೋಸ್ಟ್ ಅವರು ಉಬ್ಬಿದ ಮಹಾಪಧಮನಿಯ ಭಾಗವನ್ನು ಕತ್ತರಿಸಿ ತೆಗೆದು, ಮೃತ ವ್ಯಕ್ತಿಯ ಧಮನಿಯನ್ನು ಆ ಜಾಗದಲ್ಲಿ ಜೋಡಿಸಿದ್ದರಿಂದ ಆರಂಭವಾಗುತ್ತದೆ. ಎರಡು ವರ್ಷಗಳ ನಂತರ ಅಮೆರಿಕದ ಹೆನ್ರಿ ಬಾನ್ಸನ್ ಅವರು ಒಡೆದ ಉಬ್ಬನ್ನೇ ಹೀಗೆ ಸರಿಪಡಿಸಿ ರೋಗಿಯನ್ನು ಉಳಿಸಿದರು. ಇಂದು ದಾನಿಯ ಧಮನಿಯ ಬದಲು ಡೇಕ್ರಾನ್ ಎಂಬ ನೇಯ್ದ ಕೃತಕ ನಾಳ ಬಳಕೆಯಲ್ಲಿದೆ, ಆದರೆ ಕೆಲಸದ ಕ್ರಮ ಮೂಲತಃ ಅದೇ. ಎದೆಗೂಡಿನ ಕೆಳತುದಿಯಿಂದ ಹೊಕ್ಕುಳಿನ ಕೆಳಗಿನವರೆಗೆ ಹೊಟ್ಟೆಯನ್ನು ಸೀಳಿ, ಕರುಳನ್ನು ಬದಿಗೆ ಸರಿಸಿ, ರಕ್ತದ ಹೆಪ್ಪಿನ ನಡುವೆ ಉಬ್ಬಿನ ಮೇಲಿನ ಆರೋಗ್ಯಕರ ಕುತ್ತಿಗೆಯನ್ನು ಬೆರಳಿನಿಂದ ಹುಡುಕಿ, ಅಲ್ಲಿ ಇಕ್ಕಳ ಹಾಕಿ ರಕ್ತದ ಹರಿವನ್ನು ನಿಲ್ಲಿಸಿದ ಮೇಲೆಯೇ ಹೊಲಿಗೆ ಆರಂಭವಾಗುತ್ತದೆ. ಹೊಲಿಗೆ ಮುಗಿದು ಇಕ್ಕಳ ಸಡಿಲಿಸುವ ಗಳಿಗೆ ಇಡೀ ಶಸ್ತ್ರಚಿಕಿತ್ಸೆಯಲ್ಲೇ ಅತಿ ಕಠಿಣವಾದದ್ದು: ಅಷ್ಟು ಹೊತ್ತು ರಕ್ತವಿಲ್ಲದೆ ಇದ್ದ ಕಾಲುಗಳಿಗೆ ರಕ್ತ ಒಮ್ಮೆಲೇ ನುಗ್ಗುತ್ತದೆ, ಅಲ್ಲಿ ಶೇಖರವಾಗಿದ್ದ ಆಮ್ಲ ಮತ್ತು ಪೊಟ್ಯಾಸಿಯಂ ಹೃದಯದತ್ತ ಮರಳುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಆದ್ದರಿಂದ ಶಸ್ತ್ರವೈದ್ಯರು ಅರಿವಳಿಕೆ ತಜ್ಞರ ಮುಖ ನೋಡುತ್ತ, ಒಂದೊಂದೇ ಕಾಲಿಗೆ, ಹಂತ ಹಂತವಾಗಿ ಹರಿವನ್ನು ಬಿಡುತ್ತಾರೆ.

ಎರಡನೆಯ ವಿಧಾನದಲ್ಲಿ ಹೊಟ್ಟೆಯನ್ನು ತೆರೆಯುವುದಿಲ್ಲ. ತೊಡೆಸಂದಿನ ಧಮನಿಯ ಮೂಲಕ, ಕ್ಷ-ಕಿರಣದ ಪರದೆಯನ್ನು ನೋಡುತ್ತ, ಲೋಹದ ಬಲೆಗೆ ಬಟ್ಟೆ ಹೊದಿಸಿ ಮಡಚಿಟ್ಟ ನಾಳವನ್ನು ಮೇಲಕ್ಕೆ ಸಾಗಿಸಿ, ಉಬ್ಬಿನ ಒಳಗೆ ಅರಳಿಸುತ್ತಾರೆ; ರಕ್ತವು ಈ ಹೊಸ ನಾಳದೊಳಗೇ ಹರಿದು, ಹೊರಗಿನ ಒಡೆದ ಚೀಲಕ್ಕೆ ಒತ್ತಡ ತಾಗದಂತಾಗುತ್ತದೆ. ರೋಗಿಯ ಸ್ಥಿತಿ ತೀರ ಕುಸಿದಿದ್ದರೆ ಅದೇ ದಾರಿಯಿಂದ ಒಂದು ಬಲೂನನ್ನು ಮೇಲಕ್ಕೆ ಕಳಿಸಿ, ಉಬ್ಬಿನ ಮೇಲ್ಭಾಗದಲ್ಲಿ ಅದನ್ನು ಊದಿಸಿ, ಸೋರಿಕೆಯನ್ನು ತಾತ್ಕಾಲಿಕವಾಗಿ ತಡೆಯಬಹುದು. 1987ರಲ್ಲಿ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೋಸ್ ಅವರು ಎದೆಯ ಮಹಾಪಧಮನಿಗೆ ಇಂಥ ನಾಳವನ್ನು ಅಳವಡಿಸಿದರು. 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಅವರು ಹೊಟ್ಟೆಯ ಉಬ್ಬಿಗೆ ಅದನ್ನು ಬಳಸಿದರು. 1994ರ ಹೊತ್ತಿಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಒಡೆದ ಉಬ್ಬಿಗೂ ಇದೇ ಚಿಕಿತ್ಸೆ ನಡೆಯಿತು. ಆದರೆ ಈ ವಿಧಾನಕ್ಕೆ ಶರೀರರಚನೆಯ ಷರತ್ತುಗಳಿವೆ. ಮೂತ್ರಪಿಂಡದ ಧಮನಿಗಳ ಕೆಳಗೆ ನಾಳ ಭದ್ರವಾಗಿ ಹಿಡಿದುಕೊಳ್ಳಲು ಸಾಕಷ್ಟು ಉದ್ದದ, ಹೆಚ್ಚು ಬಾಗಿರದ ಕುತ್ತಿಗೆ ಬೇಕು, ತೊಡೆಯಿಂದ ಮೇಲಕ್ಕೆ ಹೋಗುವ ಧಮನಿಗಳು ಉಪಕರಣ ಹಾಯುವಷ್ಟು ಅಗಲವಾಗಿರಬೇಕು. ಇದನ್ನು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕೇ ಬೇಕು.

ಸ್ಟೆಂಟ್ ಗ್ರಾಫ್ಟ್ ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ ಅನೇಕ ಆಸ್ಪತ್ರೆಗಳು ತಮ್ಮ ಅನುಭವವನ್ನು ಪ್ರಕಟಿಸಿ, ಹೊಸ ವಿಧಾನದಲ್ಲಿ ಮರಣ ಬಹಳ ಕಡಿಮೆ ಎಂದು ಸಾರಿದವು. ಈ ಹೋಲಿಕೆಯಲ್ಲಿ ಒಂದು ದೋಷವಿತ್ತು. ಸಿ.ಟಿ. ಮಾಡಿಸಿಕೊಳ್ಳುವಷ್ಟು ಸ್ಥಿರವಾಗಿದ್ದ, ಅನುಕೂಲಕರ ಶರೀರರಚನೆಯ ರೋಗಿಗಳು ಸ್ಟೆಂಟ್ ಕಡೆಗೆ ಹೋಗುತ್ತಿದ್ದರು, ಕುಸಿದು ಬಂದವರು ಮತ್ತು ಜಟಿಲ ರಚನೆಯವರು ತೆರೆದ ಶಸ್ತ್ರಚಿಕಿತ್ಸೆಗೆ ಉಳಿಯುತ್ತಿದ್ದರು. ಹೀಗಾಗಿ ಹೋಲಿಕೆ ನಡೆದದ್ದು ಎರಡು ಚಿಕಿತ್ಸೆಗಳ ನಡುವೆ ಎನ್ನುವುದಕ್ಕಿಂತ ಎರಡು ಬಗೆಯ ರೋಗಿಗಳ ನಡುವೆ. ಈ ದೋಷವನ್ನು ನೀಗಲು ಯಾದೃಚ್ಛಿಕ ಪ್ರಯೋಗಗಳು, ಅಂದರೆ ಯಾವ ರೋಗಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗಗಳು, ಅಗತ್ಯವಾದವು.

ಅಂಥ ನಾಲ್ಕು ಪ್ರಯೋಗಗಳು ಗಮನಾರ್ಹ. ಮೊದಲನೆಯದು 2006ರಲ್ಲಿ ವರದಿಯಾದ ನಾಟಿಂಗ್‌ಹ್ಯಾಮ್ ಪ್ರಯೋಗ. ಅದರಲ್ಲಿದ್ದವರು ಕೇವಲ 32 ರೋಗಿಗಳು, ಎರಡೂ ಗುಂಪುಗಳಲ್ಲಿ ಮರಣ ಶೇ. 53. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 116 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ‘ಏಜಾಕ್ಸ್’ ಪ್ರಯೋಗದಲ್ಲಿ 30 ದಿನಗಳ ಮರಣ ಸ್ಟೆಂಟ್ ಗುಂಪಿನಲ್ಲಿ ಶೇ. 21, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 25. ಫ್ರಾನ್ಸಿನ ‘ಇಕಾರ್’ ಪ್ರಯೋಗದ 107 ರೋಗಿಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 18 ಮತ್ತು 24. ಇವುಗಳಲ್ಲಿ ಅತಿ ದೊಡ್ಡದು ಮುಖ್ಯವಾಗಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 2009ರಿಂದ 2013ರವರೆಗೆ 613 ರೋಗಿಗಳನ್ನು ಒಳಗೊಂಡು ನಡೆದ ‘ಇಂಪ್ರೂವ್’ ಪ್ರಯೋಗ. ಅದರಲ್ಲಿ 30 ದಿನಗಳ ಮರಣ ಸ್ಟೆಂಟ್ ಮೊದಲೆಂಬ ಕಾರ್ಯತಂತ್ರದಲ್ಲಿ ಶೇ. 35.4, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ. 37.4. ಈ ನಾಲ್ಕನ್ನೂ, ಅಂದರೆ ಒಟ್ಟು 868 ರೋಗಿಗಳನ್ನು, ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಮೀಕ್ಷೆ, ಮೊದಲ ತಿಂಗಳ ಮರಣದಲ್ಲಿ ಎರಡು ವಿಧಾನಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿತು.

ಈ ಅಂಕಿಗಳನ್ನು ಓದುವಾಗ ನೀವು ಒಂದು ಸಂಗತಿಯನ್ನು ಗಮನಿಸಬೇಕು. ಡಚ್ ಮತ್ತು ಫ್ರೆಂಚ್ ಪ್ರಯೋಗಗಳಲ್ಲಿ ಮರಣ ಕಡಿಮೆಯಿರುವುದನ್ನು ಕಂಡು ಅಲ್ಲಿಯ ವೈದ್ಯರ ಕೈಗುಣವೇ ಬೇರೆ ಎಂದು ಭಾವಿಸಿದರೆ ಅದು ಅವಸರದ ಮಾತಾಗುತ್ತದೆ, ಏಕೆಂದರೆ ಅಲ್ಲಿ ಸಿ.ಟಿ. ಮುಗಿದ ಮೇಲೆ, ಎರಡೂ ಚಿಕಿತ್ಸೆಗೆ ಯೋಗ್ಯರೆಂದು ಕಂಡವರನ್ನು ಮಾತ್ರ ಪ್ರಯೋಗಕ್ಕೆ ಸೇರಿಸಲಾಯಿತು. ಇಂಪ್ರೂವ್ ಪ್ರಯೋಗದಲ್ಲಾದರೋ ಒಡೆದಿದೆ ಎಂಬ ಅನುಮಾನ ಬಂದ ಕೂಡಲೇ, ಸಿ.ಟಿ.ಗೆ ಮೊದಲೇ, ರೋಗಿಯ ಗುಂಪು ನಿರ್ಧಾರವಾಗುತ್ತಿತ್ತು. ಸ್ಟೆಂಟ್ ಗುಂಪಿಗೆ ಸೇರಿ, ಒಡೆದಿರುವುದು ಖಚಿತವಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಶರೀರರಚನೆ ಮಾತ್ರ ಆ ವಿಧಾನಕ್ಕೆ ಒಗ್ಗಿತು, ಉಳಿದವರು ತೆರೆದ ಶಸ್ತ್ರಚಿಕಿತ್ಸೆಗೇ ಹೋಗಬೇಕಾಯಿತು. ತುರ್ತು ವಿಭಾಗದ ಬಾಗಿಲಲ್ಲಿ ನಿಂತವರಿಗೆ ಹೆಚ್ಚು ಹತ್ತಿರವಾದ ಪ್ರಯೋಗ ಇದು. ಸ್ಟೆಂಟ್ ಸೌಲಭ್ಯವಿರುವ ಕೇಂದ್ರಕ್ಕೂ ನುರಿತ ತೆರೆದ ಶಸ್ತ್ರಚಿಕಿತ್ಸೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ಮೊದಲ ತಿಂಗಳಲ್ಲಿ ವ್ಯತ್ಯಾಸವಿಲ್ಲ ಎಂದ ಮಾತ್ರಕ್ಕೆ ಎರಡೂ ಒಂದೇ ಎಂದು ಕೈಚೆಲ್ಲುವುದೂ ಸರಿಯಲ್ಲ. ಇಂಪ್ರೂವ್ ಪ್ರಯೋಗದಲ್ಲಿ ಬದುಕುಳಿದು ಆಸ್ಪತ್ರೆಯಿಂದ ಬಿಡುಗಡೆಯಾದವರಲ್ಲಿ ನೇರವಾಗಿ ತಮ್ಮ ಮನೆಗೇ ಮರಳಿದವರು ಸ್ಟೆಂಟ್ ಗುಂಪಿನಲ್ಲಿ ಶೇ. 94, ಇನ್ನೊಂದು ಗುಂಪಿನಲ್ಲಿ ಶೇ. 77. ಮೂರು ವರ್ಷಗಳ ಕೊನೆಗೆ ಮರಣದ ಪ್ರಮಾಣ ಕ್ರಮವಾಗಿ ಶೇ. 48 ಮತ್ತು 56. ಭಾಗವಹಿಸಿದ್ದ ಮಹಿಳೆಯರು 133 ಮಂದಿ ಮಾತ್ರ, ಆದರೂ ಸ್ಟೆಂಟ್ ಕಾರ್ಯತಂತ್ರದ ಲಾಭ ಅವರಲ್ಲಿ ಗಂಡಸರಿಗಿಂತ ಹೆಚ್ಚಾಗಿ ಕಂಡುಬಂತು. ಇವನ್ನೆಲ್ಲ ತೂಗಿ ನೋಡಿ, ಬ್ರಿಟನ್ನಿನ ‘ನೈಸ್’ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, ಒಡೆದ ಉಬ್ಬಿರುವ ಬಹುತೇಕರಿಗೆ, ಅದರಲ್ಲೂ 70 ದಾಟಿದ ಗಂಡಸರಿಗೆ ಮತ್ತು ಎಲ್ಲ ವಯಸ್ಸಿನ ಮಹಿಳೆಯರಿಗೆ, ಸ್ಟೆಂಟ್ ವಿಧಾನ ಹೆಚ್ಚು ಪ್ರಯೋಜನಕಾರಿಯೆಂದೂ, 70ಕ್ಕಿಂತ ಕಡಿಮೆ ವಯಸ್ಸಿನ ಗಂಡಸರಲ್ಲಿ ತೆರೆದ ಶಸ್ತ್ರಚಿಕಿತ್ಸೆಯೇ ಲಾಭ-ಹಾನಿಗಳ ದೃಷ್ಟಿಯಿಂದ ಮೇಲಾಗುವ ಸಂಭವವಿದೆಯೆಂದೂ ಹೇಳಿತು. ಸ್ಟೆಂಟ್ ಅಳವಡಿಸಿದ ರೋಗಿಗೆ ಜೀವನಪರ್ಯಂತ ತಪಾಸಣೆ ಬೇಕು ಎಂಬುದು ಈ ತೂಕದಲ್ಲಿ ಸೇರಿದೆ, ಏಕೆಂದರೆ ನಾಳದ ಅಂಚಿನಿಂದಲೋ ಪಕ್ಕದ ಸಣ್ಣ ಧಮನಿಗಳಿಂದಲೋ ಹಳೆಯ ಚೀಲದೊಳಕ್ಕೆ ರಕ್ತ ಮತ್ತೆ ಸೋರಬಹುದು. ಇದನ್ನು ಎಂಡೋಲೀಕ್ ಎನ್ನುತ್ತಾರೆ. ಹೊಟ್ಟೆಯೊಳಗಿನ ಹೆಪ್ಪುರಕ್ತವನ್ನು ತೆಗೆಯದೆ ಬಿಡುವುದರಿಂದ ಒಳಗಿನ ಒತ್ತಡ ಏರಿ, ಮೂತ್ರಪಿಂಡ, ಕರುಳು ಮತ್ತು ಉಸಿರಾಟಕ್ಕೆ ಧಕ್ಕೆಯಾಗುವ ಅಪಾಯವನ್ನೂ ಮೊದಲ ದಿನಗಳಲ್ಲಿ ಕಾಯ್ದು ನೋಡಬೇಕಾಗುತ್ತದೆ.

ಇದಕ್ಕೂ ಮಿಗಿಲಾದ ಪಾಠ ಎರಡು ದೇಶಗಳ ಆಸ್ಪತ್ರೆ ದಾಖಲೆಗಳ ಹೋಲಿಕೆಯಲ್ಲಿದೆ. 2005ರಿಂದ 2010ರವರೆಗಿನ ದಾಖಲೆಗಳನ್ನು ಆಧರಿಸಿ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಡೆದ ಉಬ್ಬಿನೊಂದಿಗೆ ಆಸ್ಪತ್ರೆ ಸೇರಿದವರ ಮರಣ ಅಮೆರಿಕದಲ್ಲಿ ಸುಮಾರು ಶೇ. 53, ಇಂಗ್ಲೆಂಡಿನಲ್ಲಿ ಸುಮಾರು ಶೇ. 66. ಆದರೆ ಶಸ್ತ್ರಚಿಕಿತ್ಸೆ ಪಡೆದವರನ್ನಷ್ಟೇ ಎಣಿಸಿದರೆ ಎರಡೂ ದೇಶಗಳಲ್ಲಿ ಮರಣ ಶೇ. 42ರ ಆಸುಪಾಸಿನಲ್ಲೇ ಇತ್ತು. ಅಂತರ ಹುಟ್ಟಿದ್ದು ಬೇರೆಡೆ: ಅಮೆರಿಕದಲ್ಲಿ ಇಂಥ ರೋಗಿಗಳಲ್ಲಿ ಶೇ. 80ರಷ್ಟು ಮಂದಿಗೆ ಯಾವುದಾದರೊಂದು ಚಿಕಿತ್ಸೆ ದೊರೆತರೆ, ಇಂಗ್ಲೆಂಡಿನಲ್ಲಿ ದೊರೆತದ್ದು ಶೇ. 58ರಷ್ಟು ಮಂದಿಗೆ. ಯಾವ ಚಿಕಿತ್ಸೆ ಎಂಬುದಕ್ಕಿಂತ ಚಿಕಿತ್ಸೆ ಸಿಕ್ಕಿತೇ ಇಲ್ಲವೇ ಎಂಬುದು ಎಷ್ಟೋ ದೊಡ್ಡ ಪ್ರಶ್ನೆ ಎಂಬುದು ಇಲ್ಲಿ ಅಂಕಿಗಳಲ್ಲೇ ಕಾಣುತ್ತದೆ. ಆ ಪ್ರಶ್ನೆಗೆ ಉತ್ತರಿಸುವವರಲ್ಲಿ ಮೊದಲಿಗರು ನೀವು. ಆದ್ದರಿಂದ ನಿಮ್ಮಲ್ಲಿ ಕೆಲವು ನಿರ್ದಿಷ್ಟ ವಿನಂತಿಗಳಿವೆ.

ಮೊದಲನೆಯದು, ಅನುಮಾನಿಸುವುದನ್ನು ರೂಢಿ ಮಾಡಿಕೊಳ್ಳಿ. ಹೊಟ್ಟೆ ಅಥವಾ ಬೆನ್ನಿನ ನೋವು, ಕುಸಿದ ರಕ್ತದೊತ್ತಡ, ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆ ಎಂಬ ಪಠ್ಯಪುಸ್ತಕದ ಮೂರು ಲಕ್ಷಣಗಳು ಒಟ್ಟಿಗೆ ಕಾಣುವುದು ಅರ್ಧಕ್ಕಿಂತ ಕಡಿಮೆ ರೋಗಿಗಳಲ್ಲಿ. ಅರವತ್ತು ದಾಟಿದ, ಬಹುಕಾಲ ಬೀಡಿ ಅಥವಾ ಸಿಗರೇಟು ಸೇದಿದ ವ್ಯಕ್ತಿ ಪಕ್ಕೆನೋವೆಂದು ಬಂದು, ನಡುವೆ ಒಮ್ಮೆ ತಲೆಸುತ್ತಿ ಬಿದ್ದೆನೆಂದು ಹೇಳಿದರೆ, ಮೂತ್ರಪಿಂಡದ ಕಲ್ಲೆಂದು ನೋವಿನ ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸುವ ಮೊದಲು ಮಹಾಪಧಮನಿಯನ್ನು ನೆನೆಯಿರಿ. ಹಾಸಿಗೆಯ ಪಕ್ಕದಲ್ಲೇ ಮಾಡಬಹುದಾದ ಅಲ್ಟ್ರಾಸೌಂಡ್ ಉಬ್ಬು ಇದೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಒಡೆದಿದೆಯೇ ಎಂಬುದನ್ನು ಅದು ಖಚಿತವಾಗಿ ಹೇಳಲಾರದು, ಆದರೆ ಉಬ್ಬೂ ನೋವೂ ಒಟ್ಟಿಗಿದ್ದರೆ ಮುಂದಿನ ಹೆಜ್ಜೆಗೆ ಅಷ್ಟು ಸಾಕು. ಸಿ.ಟಿ. ಚಿತ್ರದಲ್ಲಿ ಸುಣ್ಣಗಟ್ಟಿದ ಬಿಳಿಯ ಉಂಗುರದಂಥ ಗೋಡೆ ಒಂದೆಡೆ ತುಂಡಾಗಿ, ಅದರಾಚೆ ಬೂದುಬಣ್ಣದ ರಕ್ತದ ಮೋಡ ಹರಡಿ, ಸಾಮಾನ್ಯವಾಗಿ ಎಡಗಡೆಯ ಮೂತ್ರಪಿಂಡವನ್ನು ಮುಂದಕ್ಕೆ ತಳ್ಳಿರುವುದನ್ನು ಒಮ್ಮೆ ಗಮನವಿಟ್ಟು ನೋಡಿದವರು ಅದನ್ನು ಮರೆಯುವುದಿಲ್ಲ. ನಿಮ್ಮ ಹಿರಿಯರಲ್ಲಿ ಕೇಳಿ ಅಂಥ ಚಿತ್ರಗಳನ್ನು ನೋಡಿಟ್ಟುಕೊಳ್ಳಿ.

ಎರಡನೆಯದು, ರಕ್ತದೊತ್ತಡವನ್ನು ಬಲವಂತವಾಗಿ ಮೇಲಕ್ಕೇರಿಸಬೇಡಿ. ಎರಡು ದಪ್ಪ ಸೂಜಿಗಳನ್ನು ಹಾಕಿ ಸಲೈನನ್ನು ಲೀಟರುಗಟ್ಟಲೆ ಹರಿಸುವುದು ತುರ್ತು ವಿಭಾಗದ ಸಹಜ ಪ್ರತಿಕ್ರಿಯೆ. ಇಲ್ಲಿ ಅದು ಹೆಪ್ಪನ್ನು ಕದಲಿಸಿ, ಉಳಿದ ರಕ್ತವನ್ನು ತೆಳುವಾಗಿಸಿ, ಸೋರಿಕೆಯನ್ನು ಹೆಚ್ಚಿಸುತ್ತದೆ. ರೋಗಿ ಎಚ್ಚರವಾಗಿದ್ದು ಮಾತಾಡುತ್ತಿರುವವರೆಗೆ ಸಿಸ್ಟೋಲಿಕ್ ಒತ್ತಡ 70ರಿಂದ 90ರ ನಡುವೆ ಇರುವುದನ್ನು ಸಹಿಸಿಕೊಳ್ಳುವುದು ಅಂಗೀಕೃತ ಕ್ರಮ. ಹಾಗೆಂದು ಒತ್ತಡ ಎಷ್ಟಾದರೂ ಇಳಿಯಲೆಂದು ಬಿಡುವಂತಿಲ್ಲ. ಇಂಪ್ರೂವ್ ಪ್ರಯೋಗದಲ್ಲಿ ಒತ್ತಡ 70ಕ್ಕಿಂತ ಕೆಳಗಿಳಿದವರಲ್ಲಿ 30 ದಿನಗಳ ಮರಣ ಶೇ. 51. ದ್ರವ ಬೇಕಾದಾಗ ಸಾಧ್ಯವಾದಷ್ಟೂ ರಕ್ತವನ್ನೇ ಕೊಡುವುದು ಲೇಸು.

ಮೂರನೆಯದು, ಆಂಬ್ಯುಲೆನ್ಸಿಗಿಂತ ಮೊದಲು ನಿಮ್ಮ ದೂರವಾಣಿ ಕರೆ ಹೊರಡಲಿ. ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘದ 2018ರ ಮಾರ್ಗಸೂಚಿ, ಬಾಗಿಲಿನಿಂದ ಚಿಕಿತ್ಸೆಯವರೆಗಿನ ಅವಧಿ 90 ನಿಮಿಷ ಮೀರಬಾರದೆಂದು ಸೂಚಿಸುತ್ತದೆ. ಮಲೆನಾಡಿನ ಅಥವಾ ಉತ್ತರ ಕರ್ನಾಟಕದ ತಾಲ್ಲೂಕಿನಿಂದ ದೊಡ್ಡ ಕೇಂದ್ರಕ್ಕೆ ಸಾಗುವ ದಾರಿಯೇ ಅದಕ್ಕಿಂತ ದೀರ್ಘವಾಗಿರುವಾಗ, ಇತ್ತ ನೀವು ಉಳಿಸುವ ಒಂದೊಂದು ನಿಮಿಷಕ್ಕೂ ಬೆಲೆಯಿದೆ. ರಕ್ತಪರೀಕ್ಷೆಯ ವರದಿಗೆ ಕಾಯಬೇಡಿ. ಸಿ.ಟಿ. ಆಗಿದ್ದರೆ ಚಿತ್ರಗಳನ್ನು ಕೂಡಲೇ ಕಳಿಸಿ, ಏಕೆಂದರೆ ಸ್ಟೆಂಟ್ ಸಾಧ್ಯವೇ ಎಂಬ ಅಳತೆಯನ್ನು ರೋಗಿ ದಾರಿಯಲ್ಲಿರುವಾಗಲೇ ತೆಗೆಯಬಹುದು. ಆಗಿರದಿದ್ದರೆ, ಸ್ಕ್ಯಾನಿಗಾಗಿ ರೋಗಿಯನ್ನು ಮತ್ತೊಂದು ಊರಿಗೆ ಅಲೆದಾಡಿಸದೆ, ಶಸ್ತ್ರಚಿಕಿತ್ಸೆ ನಡೆಯುವ ಕೇಂದ್ರಕ್ಕೇ ನೇರವಾಗಿ ಕಳಿಸಿ. ನಿಮ್ಮ ಆಸ್ಪತ್ರೆಯಿಂದ ತಲುಪಬಹುದಾದ, ಹಗಲಿರುಳೂ ರಕ್ತನಾಳ ಶಸ್ತ್ರವೈದ್ಯರಿರುವ ಕೇಂದ್ರಗಳು ಯಾವುವು, ಅಲ್ಲಿ ಎರಡೂ ವಿಧಾನಗಳು ಲಭ್ಯವೇ, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಇಂದೇ ವಿಚಾರಿಸಿ, ಬರೆದು, ತುರ್ತು ವಿಭಾಗದ ಗೋಡೆಯ ಮೇಲೆ ಅಂಟಿಸಿ.

ನಾಲ್ಕನೆಯದು ಅರಿವಳಿಕೆ ತಜ್ಞರಾಗಲು ಹೊರಟಿರುವವರಿಗೆ. ಪೂರ್ಣ ಅರಿವಳಿಕೆ ಕೊಟ್ಟಾಗ ಹೊಟ್ಟೆಯ ಸ್ನಾಯುಗಳು ಸಡಿಲವಾಗಿ, ಹೆಪ್ಪನ್ನು ಹಿಡಿದಿಟ್ಟಿದ್ದ ಒತ್ತಡ ಕಳಚಿ, ರೋಗಿ ಒಮ್ಮೆಲೇ ಕುಸಿಯಬಹುದು. ಇಂಪ್ರೂವ್ ಪ್ರಯೋಗದಲ್ಲಿ ಸ್ಥಳೀಯ ಅರಿವಳಿಕೆಯಲ್ಲೇ ಸ್ಟೆಂಟ್ ಅಳವಡಿಸಿಕೊಂಡವರ ಮರಣ ಗಣನೀಯವಾಗಿ ಕಡಿಮೆಯಿತ್ತು. ಅರಿವಳಿಕೆಯ ಆಯ್ಕೆ ಯಾದೃಚ್ಛಿಕವಾಗಿರಲಿಲ್ಲವಾದ್ದರಿಂದ ಇದನ್ನು ಎಚ್ಚರದಿಂದ ಓದಬೇಕಾದರೂ, ತೊಡೆಸಂದನ್ನಷ್ಟೇ ಮರಗಟ್ಟಿಸಿ ಕೆಲಸ ಮುಗಿಸುವ ಕೌಶಲವನ್ನು ಈಗಲೇ ರೂಢಿಸಿಕೊಳ್ಳುವುದು ಒಳಿತು.

ಐದನೆಯದು, ಕುಟುಂಬದವರೊಡನೆ ಸತ್ಯವನ್ನು ಮರ್ಯಾದೆಯಿಂದ ಮಾತಾಡಿ. ಯಾವ ಚಿಕಿತ್ಸೆಯಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಳಿಯದೆ ಹೋಗಬಹುದಾದ ಈ ರೋಗದಲ್ಲಿ ಸುಳ್ಳು ಭರವಸೆ ಸಲ್ಲದು. ಅಂತೆಯೇ ವಯಸ್ಸಾಯಿತೆಂದೋ ಹೆಂಗಸೆಂದೋ ಮೊದಲೇ ಕೈಬಿಡುವುದೂ ಸಲ್ಲದು. ಆಲ್ಬರ್ಟ್ ಐನ್‌ಸ್ಟೈನ್ 1955ರಲ್ಲಿ ಇದೇ ಉಬ್ಬು ಒಡೆದಾಗ ಶಸ್ತ್ರಚಿಕಿತ್ಸೆ ಬೇಡವೆಂದು ತಾವೇ ನಿರ್ಧರಿಸಿ ಕೊನೆಯುಸಿರೆಳೆದರು. ಬೇಡವೆನ್ನುವ ಹಕ್ಕು ರೋಗಿಗಿದೆ. ಆ ಹಕ್ಕನ್ನು ಆತ ಅರಿತು ಬಳಸಲು ಎರಡೂ ಚಿಕಿತ್ಸೆಗಳ ಸಾಧ್ಯತೆಯನ್ನು ಆತನ ಮುಂದಿಡುವುದು ನಿಮ್ಮ ಕರ್ತವ್ಯ.

ಕೊನೆಯ ವಿನಂತಿ ಒಡೆಯುವ ಮುಂಚಿನ ಕಾಲಕ್ಕೆ ಸೇರಿದ್ದು. ಒಡೆಯುವ ಮೊದಲೇ ಯೋಜಿಸಿ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ, ಬ್ರಿಟನ್ನಿನಲ್ಲಿ 2004ರಲ್ಲಿ ವರದಿಯಾದ ‘ಇವಾರ್-1’ ಪ್ರಯೋಗದ ಪ್ರಕಾರ, 30 ದಿನಗಳ ಮರಣ ಸ್ಟೆಂಟ್ ವಿಧಾನದಲ್ಲಿ ಶೇ. 1.7, ತೆರೆದ ವಿಧಾನದಲ್ಲಿ ಶೇ. 4.7. ಒಡೆದ ಮೇಲಿನ ಅಂಕಿಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ, ಎರಡು ಶಸ್ತ್ರಚಿಕಿತ್ಸೆಗಳ ನಡುವಿನ ಅಂತರ ಸಣ್ಣದಾಗಿ, ಸಕಾಲಕ್ಕೆ ಕಂಡುಹಿಡಿದುದಕ್ಕೂ ಹಿಡಿಯದೆ ಹೋದುದಕ್ಕೂ ಇರುವ ಅಂತರ ಅಗಾಧವಾಗಿ ತೋರುತ್ತದೆ. ಇಂಗ್ಲೆಂಡಿನಲ್ಲಿ 65 ತುಂಬುವ ಗಂಡಸರನ್ನೆಲ್ಲ ಒಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆಗೆ ಕರೆಯುವ ಯೋಜನೆ 2009ರಲ್ಲಿ ಆರಂಭವಾಯಿತು. ಅಂಥ ಯೋಜನೆಯಿಲ್ಲದ ಕಡೆಯೂ, ಬೇರೆ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಗೆ ಬಂದ ಹಿರಿಯ ಧೂಮಪಾನಿಯ ಮಹಾಪಧಮನಿಯ ಅಳತೆಯನ್ನು ವರದಿಯಲ್ಲಿ ಬರೆಯಿಸಲು ಹೆಚ್ಚಿನ ಖರ್ಚೇನೂ ಆಗುವುದಿಲ್ಲ. ಆ ಅಳತೆ 3 ಸೆಂಟಿಮೀಟರ್ ದಾಟಿದ್ದರೆ ತಪಾಸಣೆಯ ದಿನಾಂಕ ಗೊತ್ತುಮಾಡಿ, ಧೂಮಪಾನ ಬಿಡಿಸಿ, 5.5 ತಲುಪಿದ್ದರೆ ರಕ್ತನಾಳ ತಜ್ಞರಲ್ಲಿಗೆ ತಡಮಾಡದೆ ಕಳಿಸಿ.

ಮಾನ್ಯರೇ, ಸ್ಟೆಂಟ್ ಗ್ರಾಫ್ಟೋ ತೆರೆದ ಶಸ್ತ್ರಚಿಕಿತ್ಸೆಯೋ ಎಂಬ ಆಯ್ಕೆಯನ್ನು ಕೇಂದ್ರದ ತಜ್ಞರು ಸಿ.ಟಿ. ಚಿತ್ರವನ್ನೂ ರೋಗಿಯ ವಯಸ್ಸನ್ನೂ ಸ್ಥಿತಿಯನ್ನೂ ನೋಡಿ ಮಾಡುತ್ತಾರೆ. ಆ ಆಯ್ಕೆ ಮಾಡುವ ಅವಕಾಶ ಅವರಿಗೆ ಸಿಗುವಂತೆ, ರೋಗಿ ಜೀವದಿಂದ, ಎಚ್ಚರದಿಂದ, ಸರಿಯಾದ ರೋಗನಿರ್ಣಯದೊಂದಿಗೆ ಅವರ ಬಾಗಿಲು ಮುಟ್ಟುವಂತೆ ಮಾಡುವುದು ನಿಮ್ಮ ಪಾಲಿನ ಕೆಲಸ. ಈ ವಿನಂತಿಗಳಲ್ಲಿ ಯಾವುದಕ್ಕೂ ದೊಡ್ಡ ಉಪಕರಣವಾಗಲಿ, ಹೊಸ ಹುದ್ದೆಯಾಗಲಿ ಬೇಕಿಲ್ಲವಾದ್ದರಿಂದ, ನಿಮ್ಮ ಮುಂದಿನ ಪಾಳಿಯಿಂದಲೇ ಅವನ್ನು ಜಾರಿಗೆ ತರಬೇಕೆಂದು ಗೌರವಪೂರ್ವಕವಾಗಿ ಕೋರಲಾಗಿದೆ.



ಇಂತಿ ನಿಮ್ಮ ವಿಶ್ವಾಸಿ,
ವೈದ್ಯಕೀಯ ವಿಷಯಗಳ ಕನ್ನಡ ಲೇಖಕ